ಪತ್ರಿಕೆಯವರು ಬರೆಯದ ಎಂಟು ವರ್ಷ

ಓದುಗರ ಪ್ರಶ್ನೆ: ನಾವು ವಿರಾಜಪೇಟೆ ಹತ್ತಿರದವರು. ನಮ್ಮ ಯಜಮಾನರು 27 ವರ್ಷದಿಂದ ಕೊಲಾಜ್ ಮಾಡುತ್ತಿದ್ದಾರೆ. ತೋಟದ ಹಳೇ ಚೆಕ್‌ರೋಲ್ (ಆಳುಗಳ ಹಾಜರಿ) ಹಾಳೆ, ಕಾಫಿ ಬೋರ್ಡಿನ ರಸೀದಿ, ಗೋಣಿ, ಮದುವೆ ಕಾಗದ, ನ್ಯೂಸ್‌ಪೇಪರು, ಏನು ಸಿಕ್ಕಿದರೂ ಪ್ಲೈವುಡ್ ಮೇಲೆ ಅಂಟಿಸಿ ಅದರ ಮೇಲೆ ಅಕ್ರಿಲಿಕ್‌ನಲ್ಲಿ ಚಿತ್ರ ಬರೆಯುತ್ತಾರೆ. 1999ರಲ್ಲಿ ಮಡಿಕೇರಿಯಲ್ಲಿ ಮೊದಲ ಪ್ರದರ್ಶನ. ಅಂದಿನಿಂದ ಅವರ ಬಗ್ಗೆ ಪೇಪರಿನಲ್ಲಿ ಬಂದದ್ದನ್ನೆಲ್ಲ ನಾನೇ ಕತ್ತರಿಸಿ ಇಟ್ಟಿದ್ದೇನೆ, 74 ಕಟಿಂಗ್ ಆಗಿವೆ. ಆದರೆ ಕಳೆದ ಎಂಟು ವರ್ಷದಲ್ಲಿ ಒಂದೂ ಇಲ್ಲ. ಈಗ ಬೆಂಗಳೂರಿನ ಗ್ಯಾಲರಿಯೊಂದು ಅವರ ಪ್ರದರ್ಶನ ಮಾಡುವ ಮಾತಾಡುತ್ತಿದೆ, ‘ಪ್ರೆಸ್ ಫೈಲ್ ಕಳಿಸಿ’ ಎಂದಿದ್ದಾರೆ. ಎಂಟು ವರ್ಷ ಖಾಲಿ ಇದ್ದರೆ ಕೆಲಸ ನಿಂತುಹೋಗಿದೆ ಎಂದುಕೊಳ್ಳುವುದಿಲ್ಲವೇ? 40,000 ರೂಪಾಯಿ ಕೊಟ್ಟರೆ ಒಂದು ಪೂರ್ತಿ ಪುಟ ಬರೆಸಿಕೊಡುತ್ತೇನೆ ಎಂದು ಒಬ್ಬರು ಫೋನ್ ಮಾಡಿದ್ದಾರೆ, ಕೊಡಬಹುದೇ? 2009ರಲ್ಲಿ ಬಂದ ಒಂದು ವಿಮರ್ಶೆ ಬಹಳ ಕಟುವಾಗಿದೆ, ಅದನ್ನು ತೆಗೆದಿಡಲೇ? 2011ರ ಲೇಖನವೊಂದರಲ್ಲಿ ಇವರು ಶಾಂತಿನಿಕೇತನದಲ್ಲಿ ಓದಿದವರು ಎಂದು ಬರೆದಿದ್ದಾರೆ. ಇವರು ಹೋಗಿದ್ದು ಹತ್ತು ದಿನದ ಶಿಬಿರಕ್ಕೆ ಮಾತ್ರ. ಆಮೇಲೆ ಬರೆದವರೆಲ್ಲ ಅದನ್ನೇ ಬರೆದರು. ಕಟಿಂಗುಗಳನ್ನು ಸ್ಕ್ಯಾನ್ ಮಾಡಿ ವೆಬ್‌ಸೈಟಿಗೆ ಹಾಕಬಹುದೇ? ಹಳೆಯವು ಕಂದಾಗಿ ಮುಟ್ಟಿದರೆ ಪುಡಿಯಾಗುತ್ತಿವೆ. ಇವರು ಬಾಯಿಬಿಟ್ಟು ಏನೂ ಹೇಳುವುದಿಲ್ಲ. ಆದರೆ ಬೆಳಿಗ್ಗೆ ಪೇಪರ್ ಬಂದರೆ ಇವತ್ತಿಗೂ ಮೊದಲು ಜಿಲ್ಲಾ ಪುಟವನ್ನೇ ತೆಗೆಯುತ್ತಾರೆ. (ಹೆಸರು ಬೇಡ)

ಉತ್ತರ: ನಿಮ್ಮ ಪತ್ರದ ಕೊನೆಯ ಸಾಲನ್ನು ಓದಿ ಸ್ವಲ್ಪ ಹೊತ್ತು ಸುಮ್ಮನೆ ಕೂತಿದ್ದೆ. ನೀವು ಕೇಳಿರುವ ಪ್ರಶ್ನೆಗಳು ಹಲವು. ಎಲ್ಲದರ ತಳದಲ್ಲಿರುವ ಅಳುಕು ಮಾತ್ರ ಒಂದೇ: ಎಂಟು ವರ್ಷ ಯಾರೂ ಬರೆಯಲಿಲ್ಲ, ಹಾಗಾದರೆ ಆ ಎಂಟು ವರ್ಷ ಅವರು ಕಲಾವಿದರಾಗಿರಲಿಲ್ಲವೇ? ಮೊದಲು ಇದಕ್ಕೆ ಉತ್ತರಿಸುತ್ತೇನೆ. ಖಂಡಿತ ಆಗಿದ್ದರು. ನಾನು ಮೂರು ದಶಕ ಪತ್ರಿಕೆಯ ಡೆಸ್ಕಿನಲ್ಲಿ ಕೂತವನು. ಈಗ ಕಲಾವಿದರ ಮನೆಗಳಿಗೆ ಹೋಗಿ ಅವರ ಕಾಗದಪತ್ರ, ಕಟಿಂಗು, ಆಹ್ವಾನಪತ್ರಿಕೆಗಳನ್ನು ಜೋಡಿಸಿಕೊಡುವ ಕೆಲಸ ಮಾಡುತ್ತೇನೆ. ಪತ್ರಿಕೆ ಸುಮ್ಮನಿದ್ದರೆ ಅದಕ್ಕೆ ಕಾರಣ ಹೆಚ್ಚಿನ ಸಲ ಪತ್ರಿಕೆಯ ಒಳಗೇ ಇರುತ್ತದೆ ಎಂಬುದನ್ನು ಎರಡೂ ಕಡೆಯಿಂದ ನೋಡಿದ್ದೇನೆ.

ಜಿಲ್ಲಾ ಪುಟ ಹೇಗೆ ತುಂಬುತ್ತದೆ ಎಂಬುದನ್ನು ಹೇಳುತ್ತೇನೆ. ನಿಮ್ಮ ತಾಲ್ಲೂಕಿನ ವರದಿಗಾರರು ಬೆಳಿಗ್ಗೆ ಆನೆ ದಾಳಿಯ ಸ್ಥಳಕ್ಕೆ ಹೋಗಿರುತ್ತಾರೆ, ಮಧ್ಯಾಹ್ನ ಪಂಚಾಯಿತಿ ಸಭೆ, ಸಂಜೆ ಹಾಕಿ ಪಂದ್ಯ ಅಥವಾ ದೇವಸ್ಥಾನದ ಉತ್ಸವ. ಅವರಲ್ಲಿ ಅನೇಕರು ಅರೆಕಾಲಿಕರು, ಬದುಕಿಗೆ ಬೇರೆ ಕಸುಬು ಇಟ್ಟುಕೊಂಡವರು. ಚಿತ್ರಕಲೆಗೆಂದೇ ಒಬ್ಬ ವರದಿಗಾರ ಜಿಲ್ಲೆಯಲ್ಲಿ ಎಲ್ಲೂ ಇರುವುದಿಲ್ಲ. ಹಾಗಾಗಿ ಚಿತ್ರಕಲೆ ಸುದ್ದಿಯಾಗಬೇಕಾದರೆ ಅದು ‘ಕಾರ್ಯಕ್ರಮ’ವಾಗಬೇಕು: ದೀಪ ಬೆಳಗಬೇಕು, ಅತಿಥಿ ಇರಬೇಕು, ದಿನಾಂಕ ಇರಬೇಕು. ನಿಮ್ಮ ಯಜಮಾನರು ಮನೆಯ ಹಿಂದಿನ ಶೆಡ್ಡಿನಲ್ಲಿ ಆರು ತಿಂಗಳು ಕೂತು ಒಂದು ಕೊಲಾಜ್ ಮುಗಿಸಿದರೆ ಅದಕ್ಕೆ ದಿನಾಂಕವಿಲ್ಲ, ಅತಿಥಿಯಿಲ್ಲ. ವರದಿಗಾರರಿಗೆ ಅದರ ಮೇಲೆ ಅಸಡ್ಡೆಯೇನೂ ಇಲ್ಲ. ಡೆಸ್ಕಿಗೆ ಕಳಿಸಲು ಒಂದು ನೆಪ ಸಿಗುವುದಿಲ್ಲ, ಅಷ್ಟೆ.

ಇನ್ನು ನೀವು ಹೇಳುವ ಎಂಟು ವರ್ಷ ಯಾವುವು ಎಂದು ನೋಡಿ. 2018ರ ಆಗಸ್ಟಿನಲ್ಲಿ ಗುಡ್ಡಗಳು ಕುಸಿದವು. ಮರುವರ್ಷದ ಮಳೆಗಾಲವೂ ಕೊಡಗನ್ನು ಬಿಡಲಿಲ್ಲ. 2020ರಲ್ಲಿ ಕೊರೊನಾ ಬಂತು. ಪ್ರದರ್ಶನಗಳೇ ಇಲ್ಲದ ಕಾಲ ಅದು. ಪತ್ರಿಕೆಗಳ ಪುಟ ಕಡಿಮೆಯಾದದ್ದೂ ಆಗಲೇ, ಮೊದಲು ಕತ್ತರಿ ಬಿದ್ದದ್ದು ಪುರವಣಿಗಳಿಗೆ. ಒಮ್ಮೆ ಕಿರಿದಾದ ಸಾಂಸ್ಕೃತಿಕ ಪುಟ ಮತ್ತೆ ಹಿಗ್ಗಿದ್ದನ್ನು ನಾನು ಕಂಡಿದ್ದು ಕಡಿಮೆ. ಇಷ್ಟೆಲ್ಲ ನಡೆದದ್ದು ನಿಮ್ಮ ಮನೆಯ ಹೊರಗೆ. ಮನೆಯ ಒಳಗೆ ಅವರು ಆ ವರ್ಷಗಳಲ್ಲಿ ಎಷ್ಟು ಕೃತಿ ಮಾಡಿದರು ಎಂಬುದನ್ನು ನೀವು ಪತ್ರದಲ್ಲಿ ಬರೆದಿಲ್ಲ. ಗ್ಯಾಲರಿಗೆ ನಿಜಕ್ಕೂ ಬೇಕಾದದ್ದು ಅದು.

ನೀವು ಫೋನಿನಲ್ಲಿ ತೆಗೆದು ಕಳಿಸಿದ ಕಟಿಂಗು, ಕೃತಿಗಳ ಚಿತ್ರಗಳನ್ನೂ ಜೊತೆಗಿನ ಟಿಪ್ಪಣಿಯನ್ನೂ ಕೂತು ಓದಿ, ಕಟಿಂಗುಗಳನ್ನು ವಿಂಗಡಿಸಿದೆ. 74ರಲ್ಲಿ 41 ಉದ್ಘಾಟನೆಯ ಸುದ್ದಿ. 19 ‘ಇಂದಿನ ಕಾರ್ಯಕ್ರಮ’ದ ನಾಲ್ಕು ಸಾಲು. 8 ವ್ಯಕ್ತಿ ಪರಿಚಯ. ನಾಲ್ಕರಲ್ಲಿ ಗುಂಪು ಪ್ರದರ್ಶನದ ಪಟ್ಟಿಯಲ್ಲಿ ಅವರ ಹೆಸರು ಮಾತ್ರ. ವಿಮರ್ಶೆ ಎಂದು ಕರೆಯಬಹುದಾದವು ಎರಡೇ ಎರಡು. ಇದರಿಂದ ಎದೆಗುಂದಬೇಡಿ, ರಾಜ್ಯದ ಬಹುಪಾಲು ಕಲಾವಿದರ ಫೈಲಿನಲ್ಲಿ ಒಂದೂ ಇರುವುದಿಲ್ಲ.

ಉದ್ಘಾಟನೆಯ ಸುದ್ದಿಯಲ್ಲಿ ಅತಿಥಿಗಳ ಹೆಸರು ಮುಗಿಯುವ ಹೊತ್ತಿಗೆ ಜಾಗ ಮುಗಿದಿರುತ್ತದೆ. ಫೋಟೋದಲ್ಲಿ ದೀಪ ಮುಂದೆ, ಕೃತಿ ಹಿಂದೆ, ಅದೂ ಅರ್ಧ ಯಾರದೋ ಭುಜದ ಮರೆಯಲ್ಲಿ. ಆದರೂ ಇವನ್ನು ಎಸೆಯಬೇಡಿ. ಯಾವ ಊರು, ಯಾವ ದಿನ, ಯಾವ ಸಭಾಂಗಣ ಎಂಬ ಮೂರು ಸಂಗತಿ ಅದರಲ್ಲಿ ಖಚಿತವಾಗಿ ಸಿಗುತ್ತವೆ. ಮುಂದೆ ಯಾರಾದರೂ ನಿಮ್ಮ ಯಜಮಾನರ ಕೆಲಸದ ಕಾಲಾನುಕ್ರಮ ಬರೆಯಲು ಕೂತರೆ ಆ ಮೂರು ಸಂಗತಿಯ ಬೆಲೆ ಗೊತ್ತಾಗುತ್ತದೆ. ಒಂದು ಬೇಸರದ ವಿಷಯವೆಂದರೆ 30ಕ್ಕೂ ಹೆಚ್ಚು ಕಟಿಂಗುಗಳಲ್ಲಿ ಪತ್ರಿಕೆಯ ಹೆಸರೂ ತಾರೀಖೂ ಇಲ್ಲ. ಚಂದ ಕಾಣಲಿ ಎಂದು ಅಂಚನ್ನು ಕತ್ತರಿಸಿಬಿಟ್ಟಿದ್ದೀರಿ. ನೂರಕ್ಕೆ ತೊಂಬತ್ತು ಮನೆಗಳಲ್ಲಿ ಇದೇ ಆಗಿರುತ್ತದೆ, ಬೇಜಾರು ಮಾಡಿಕೊಳ್ಳಬೇಡಿ. ಹಿಂಬದಿಯನ್ನು ತಿರುಗಿಸಿ ನೋಡಿ. ಅಡಿಕೆ ಧಾರಣೆಯೋ, ಜಲಾಶಯದ ನೀರಿನ ಮಟ್ಟವೋ, ಕ್ರಿಕೆಟ್ ಸ್ಕೋರೋ, ನಿಧನ ವಾರ್ತೆಯೋ ಇರುತ್ತದೆ. ಅದರ ಸಹಾಯದಿಂದ ತಾರೀಖನ್ನು ಪತ್ತೆಹಚ್ಚಬಹುದು. ನಾನು ಹಾಗೆ ಪತ್ತೆಮಾಡಿದ್ದು ಎಷ್ಟೋ ಇವೆ. ಸಿಕ್ಕಿದ್ದನ್ನು ಸೀಸದ ಕಡ್ಡಿಯಲ್ಲಿ ಬರೆಯಿರಿ, ಪೆನ್ನು ಬೇಡ.

ಎಂಟು ಪರಿಚಯ ಲೇಖನಗಳ ಬಗ್ಗೆ ಹೇಳಲೇಬೇಕಾದ ಮಾತೊಂದಿದೆ. ಅದರಲ್ಲಿ ಮೂರಕ್ಕೆ ‘ಕಸದಿಂದ ರಸ’ ಎಂಬ ತಲೆಬರಹ. ಉಳಿದವುಗಳಲ್ಲಿ ಎರಡು ಕಡೆ ‘ಎಲೆಮರೆಯ ಕಾಯಿ’. ಬರೆದವರು ಪ್ರೀತಿಯಿಂದಲೇ ಬರೆದಿದ್ದಾರೆ. ಆದರೆ ಕೊಲಾಜ್ ಮಾಡುವವರಿಗೆ ಕನ್ನಡ ಪತ್ರಿಕೆಗಳಿಂದ ಆಗುವ ಅನ್ಯಾಯ ಈ ತಲೆಬರಹದಲ್ಲೇ ಇದೆ. ಬೇಡವೆಂದು ಬಿಸಾಡಿದ ವಸ್ತುವಿನಿಂದ ಅಲಂಕಾರದ ಸಾಮಾನು ಮಾಡುವುದು ಒಂದು ಕೈಕೆಲಸ, ಅದಕ್ಕೆ ಅದರದೇ ಮರ್ಯಾದೆ ಇದೆ. ಕೊಲಾಜ್ ಹುಟ್ಟಿದ್ದು ಬೇರೆ ಕಾರಣಕ್ಕೆ. 1912ರಲ್ಲಿ ಪಿಕಾಸೊ ಬೆತ್ತದ ಹೆಣಿಗೆಯ ಚಿತ್ರ ಮುದ್ರಿಸಿದ ಮೇಣಬಟ್ಟೆಯ ತುಂಡನ್ನು ತನ್ನ ಚಿತ್ರಕ್ಕೆ ಅಂಟಿಸಿದ. ಅದೇ ವರ್ಷ ಅವನ ಜೊತೆಯ ಚಿತ್ರಕಾರ ಬ್ರಾಕ್ ಮರದ ಗೆರೆಗಳನ್ನು ಅಚ್ಚುಹಾಕಿದ ಗೋಡೆಕಾಗದವನ್ನು ಕತ್ತರಿಸಿ ಹಚ್ಚಿದ. ಇದ್ದಿಲಿನಲ್ಲಿ ಬರೆದದ್ದು ನಿಜವೋ, ಅಂಟಿಸಿದ ಸುಳ್ಳು ಮರ ನಿಜವೋ ಎಂಬ ಪ್ರಶ್ನೆಯನ್ನು ನೋಡುವವರ ಎದುರಿಗೆ ಇಟ್ಟರು. ಆ ವರ್ಷದ ಕೊನೆಗೆ ಪಿಕಾಸೊ ದಿನಪತ್ರಿಕೆಯ ತುಣುಕುಗಳನ್ನು ಅಂಟಿಸತೊಡಗಿದಾಗ ಅವುಗಳಲ್ಲಿ ಬಾಲ್ಕನ್ ಯುದ್ಧದ ವರದಿಗಳಿದ್ದವು. ಅಂದರೆ ಪತ್ರಿಕೆ ಕೊಲಾಜ್ ಬಗ್ಗೆ ಬರೆಯುವ ಮೊದಲೇ ಕೊಲಾಜಿನ ಒಳಗೆ ಬಂದು ಕೂತಿತ್ತು. ನಮ್ಮಲ್ಲಿ ಕಲಾವಿದ ಬಿನೋದ್ ಬಿಹಾರಿ ಮುಖರ್ಜಿ 1950ರ ದಶಕದಲ್ಲಿ ಪೂರ್ತಿ ದೃಷ್ಟಿ ಕಳೆದುಕೊಂಡ ಮೇಲೆ ಬಣ್ಣದ ಕಾಗದಗಳನ್ನು ಕತ್ತರಿಸಿ ಕೊಲಾಜ್ ಮಾಡಿದರು, ಕಣ್ಣಿನ ಕೆಲಸವನ್ನು ಬೆರಳಿಗೆ ಒಪ್ಪಿಸಿದರು. ಭೂಪೇನ್ ಖಖ್ಖರ್ 1960ರ ದಶಕದಲ್ಲಿ ಬೀದಿಯಲ್ಲಿ ಮಾರುವ ದೇವರ ಪಟಗಳನ್ನು ಹಚ್ಚಿ ಶುರುಮಾಡಿದರು. ಇವರಲ್ಲಿ ಯಾರೂ ವಸ್ತು ದಂಡವಾಗಬಾರದೆಂದು ಅಂಟಿಸಿದವರಲ್ಲ.

ನಿಮ್ಮ ಯಜಮಾನರ ಚೆಕ್‌ರೋಲ್ ಹಾಳೆಗಳನ್ನೇ ತೆಗೆದುಕೊಳ್ಳಿ. ಯಾವ ಕೂಲಿಯಾಳು ಯಾವ ದಿನ ಬಂದರು, ಎಷ್ಟು ಸಿಕ್ಕಿತು ಎಂದು ತೋಟದ ರೈಟರು (ಗುಮಾಸ್ತರು) ಗುರುತು ಹಾಕಿದ ಪುಸ್ತಕ ಅದು. ಅದರ ಮೇಲೆ ಹೂ ಬಿಟ್ಟ ತೋಟವನ್ನು ಬರೆದರೆ, ಬಿಳಿ ಹೂವಿನ ಕೆಳಗೆ ಆ ಹಾಜರಿ ಗುರುತುಗಳು ಕಾಣುತ್ತಲೇ ಇರುತ್ತವೆ. ಎಂಟು ಲೇಖನಗಳಲ್ಲಿ ಒಂದಾದರೂ ಇದನ್ನು ನೋಡಿದೆಯೇ ಎಂದು ಹುಡುಕಿದೆ, ಇಲ್ಲ. ‘ಹಳೆಯ ಕಾಗದ ಬಳಸಿ’ ಎಂದು ಮುಗಿಸಿದ್ದಾರೆ. ತಪ್ಪನ್ನು ಪೂರ್ತಿ ಅವರ ಮೇಲೆ ಹೊರಿಸಲೂ ಆಗದು. ನೀವೇ ಹಂಚಿದ ಪ್ರೆಸ್ ನೋಟ್ ಒಂದರ ಪ್ರತಿ ಫೈಲಿನಲ್ಲಿದೆ. ಅದರಲ್ಲಿಯೂ ‘ನಿರುಪಯುಕ್ತ ಕಾಗದಗಳಿಂದ’ ಎಂದೇ ಇದೆ. ತಾಲ್ಲೂಕು ವರದಿಗಾರರಿಗೆ ಅವತ್ತು ಇನ್ನೂ ನಾಲ್ಕು ಸುದ್ದಿ ಇರುತ್ತವೆ, ಪ್ರಕಟಣೆಯಲ್ಲಿದ್ದ ಪದ ಹಾಗೇ ಅಚ್ಚಾಗುತ್ತದೆ. ಮುಂದಿನ ಸಲ ಒಂದೇ ಪುಟ ಸಿದ್ಧ ಮಾಡಿ: ಪ್ರತಿ ಕೃತಿಯ ಹೆಸರು, ವರ್ಷ, ಅಳತೆ, ಯಾವ ಕಾಗದ, ಅದು ಎಲ್ಲಿಂದ ಬಂತು, ಅದನ್ನೇ ಏಕೆ ಆರಿಸಿಕೊಂಡರು. ಕೊನೆಯದನ್ನು ಅವರ ಬಾಯಿಂದಲೇ ಎರಡು ವಾಕ್ಯದಲ್ಲಿ ಹೇಳಿಸಿ ಬರೆದುಕೊಳ್ಳಿ. ಫೋಟೋ ಫೈಲಿನ ಹೆಸರಿನಲ್ಲೇ ಕೃತಿಯ ಹೆಸರು ಇರಲಿ, ಇಲ್ಲದಿದ್ದರೆ ಒಂದರ ಹೆಸರು ಇನ್ನೊಂದರ ಕೆಳಗೆ ಅಚ್ಚಾಗುವ ಅಪಾಯವೂ ಉಂಟು.

ಹೆಸರಿನ ಮಾತು ಬಂದದ್ದಕ್ಕೆ ಇನ್ನೊಂದು. ಕೊಡಗಿನಲ್ಲಿ ಮನೆತನದ ಹೆಸರು ಮೊದಲು, ವ್ಯಕ್ತಿಯ ಹೆಸರು ಆಮೇಲೆ. ನಿಮ್ಮ ಫೈಲಿನಲ್ಲಿ ಕೆಲವು ಪತ್ರಿಕೆಗಳು ಮನೆತನದ ಹೆಸರನ್ನು ಪೂರ್ತಿ ಬರೆದಿವೆ, ಕೆಲವು ಒಂದಕ್ಷರಕ್ಕೆ ಇಳಿಸಿವೆ, ಬೆಂಗಳೂರಿನ ಎರಡು ಪತ್ರಿಕೆಗಳು ಬಿಟ್ಟೇಬಿಟ್ಟಿವೆ. ನಾಳೆ ಯಾರಾದರೂ ಹುಡುಕಿದರೆ ಒಬ್ಬರೇ ಮೂವರಾಗಿ ಕಾಣುತ್ತಾರೆ. ಕನ್ನಡದಲ್ಲಿ ಹೀಗೆ, ಇಂಗ್ಲಿಷಿನಲ್ಲಿ ಹೀಗೆ ಎಂದು ಒಂದು ರೂಪ ನಿರ್ಧರಿಸಿ. ಇನ್ನು ಮೇಲೆ ಆಹ್ವಾನಪತ್ರಿಕೆಯಿಂದ ಹಿಡಿದು ಕೃತಿಯ ಹಿಂಬದಿಯವರೆಗೆ ಅದೇ ಇರಲಿ.

ಪತ್ರಿಕೆಯಲ್ಲಿ ಬಂದರೆ ಚಿತ್ರ ಮಾರಾಟವಾಗುತ್ತದೆ ಎಂಬ ನಂಬಿಕೆ ನಮ್ಮಲ್ಲಿ ಗಟ್ಟಿಯಾಗಿದೆ. ಲೇಖನ ಬಂದ ವಾರ ಫೋನುಗಳು ಬರುತ್ತವೆ, ಹಳೆಯ ಸಹಪಾಠಿಗಳು ಸಿಗುತ್ತಾರೆ, ಸನ್ಮಾನಕ್ಕೆ ಕರೆಯುತ್ತಾರೆ. ಕೊಳ್ಳುವವರು ಬಂದು ನಿಲ್ಲುವುದು ಕೃತಿಯ ಎದುರಿಗೇ. ನಾನು ಕಂಡ ಗ್ಯಾಲರಿಯವರು ಫೈಲನ್ನು ತಿರುವಿಹಾಕುವುದು ಎರಡು ಕಾರಣಕ್ಕೆ: ಹೇಳಿಕೊಂಡ ಪ್ರದರ್ಶನಗಳು ನಿಜವಾಗಿ ನಡೆದಿವೆಯೇ, ಮತ್ತು ಈ ಕೆಲಸವನ್ನು ಯಾರಾದರೂ ಎದುರಿಗೆ ನಿಂತು ನೋಡಿ ಮನಸ್ಸಿಟ್ಟು ಬರೆದಿದ್ದಾರೆಯೇ. ಅವರಿಗೆ ಪತ್ರಿಕೆ ಒಂದು ಸಾಕ್ಷಿ, ತೀರ್ಪಲ್ಲ.

ದೊಡ್ಡ ಪತ್ರಿಕೆಯೆಂದರೆ ದೊಡ್ಡ ಸಾಕ್ಷಿ ಎಂಬುದೂ ನಿಜವಲ್ಲ. ರಾಜ್ಯಮಟ್ಟದ ಪತ್ರಿಕೆಯ ಕೊಡಗು ಪುಟ ಕೊಡಗಿಗೆ ಬರುವ ಆವೃತ್ತಿಯಲ್ಲಿ ಮಾತ್ರ ಇರುತ್ತದೆ, ಬೆಂಗಳೂರಿನ ಓದುಗರು ಅದನ್ನು ಕಂಡಿರುವುದೇ ಇಲ್ಲ. ಆದ್ದರಿಂದ ಪಟ್ಟಿಯಲ್ಲಿ ಪತ್ರಿಕೆಯ ಹೆಸರಿನ ಜೊತೆಗೆ ಆವೃತ್ತಿಯನ್ನೂ ಬರೆಯಿರಿ. ಇಲ್ಲದಿದ್ದರೆ ಸಂಶೋಧಕರು ಬೆಂಗಳೂರಿನ ಗ್ರಂಥಾಲಯದಲ್ಲಿ ಅದೇ ದಿನದ ಪತ್ರಿಕೆ ತೆರೆದು, ಸುದ್ದಿ ಕಾಣದೆ, ನಿಮ್ಮನ್ನೇ ಅನುಮಾನಿಸುತ್ತಾರೆ. ಮಡಿಕೇರಿಯಿಂದ 1957ರಿಂದ ಬರುತ್ತಿರುವ ‘ಶಕ್ತಿ’ಯಂಥ ಸ್ಥಳೀಯ ಪತ್ರಿಕೆಯಲ್ಲಿ ಬಂದದ್ದು ನನಗೆ ಎಷ್ಟೋ ಸಲ ಹೆಚ್ಚು ಉಪಯೋಗಕ್ಕೆ ಬಂದಿದೆ. ಊರಿನ ಪತ್ರಿಕೆ ಊರಿನ ಸಭಾಂಗಣದ ಹೆಸರನ್ನು ತಪ್ಪು ಬರೆಯುವುದಿಲ್ಲ.

ಈಗ ಖಾಲಿ ಎಂಟು ವರ್ಷ. ವ್ಯಾನ್ ಗೋ ಹತ್ತು ವರ್ಷ ಚಿತ್ರ ಬರೆದ ಮನುಷ್ಯ. ಅವನ ಬಗ್ಗೆ ಗಂಭೀರವಾಗಿ, ವಿಸ್ತಾರವಾಗಿ ಬರೆದ ಮೊದಲ ಲೇಖನ ಬಂದದ್ದು 1890ರ ಜನವರಿಯಲ್ಲಿ, ಆಲ್ಬೇರ್ ಓರಿಯೆ ಎಂಬ ತರುಣ ವಿಮರ್ಶಕನಿಂದ. ಅದೇ ಜುಲೈನಲ್ಲಿ ವ್ಯಾನ್ ಗೋ ತೀರಿಕೊಂಡ. ಬದುಕಿದ್ದಾಗ ಆ ಲೇಖನ ಓದಿ ಅವನು ಸಂಕೋಚಪಟ್ಟು, ಈ ಹೊಗಳಿಕೆ ಚಿತ್ರಕಾರರಾದ ಮೊಂಟಿಚೆಲ್ಲಿಗೂ ಗೊಗ್ಯಾನ್‌ಗೂ ಹೆಚ್ಚು ಸಲ್ಲಬೇಕು ಎಂದು ಓರಿಯೆಗೆ ಪತ್ರ ಬರೆದಿದ್ದ. ನಿಮ್ಮ ಯಜಮಾನರನ್ನು ಅವನಿಗೆ ಹೋಲಿಸಿ ಸಮಾಧಾನ ಹೇಳುತ್ತಿಲ್ಲ. ಕೆಲಸ ನಡೆದ ವರ್ಷಗಳೂ ಬರಹ ಬಂದ ವರ್ಷಗಳೂ ಎರಡು ಬೇರೆ ಪಂಚಾಂಗ ಎಂದು ತೋರಿಸಲು ಹೇಳಿದೆ. ಗ್ಯಾಲರಿಗೆ ಕೃತಿಗಳ ಪಟ್ಟಿಯನ್ನು ವರ್ಷವಾರು ಕಳಿಸಿ. 2018ರಿಂದೀಚೆಗೆ ಹನ್ನೆರಡು ಕೃತಿ ಇದ್ದರೂ ಸಾಕು, ‘ನಿಂತುಹೋಗಿದೆ’ ಎಂಬ ಸಂಶಯಕ್ಕೆ ಜಾಗವೇ ಉಳಿಯುವುದಿಲ್ಲ. ಪತ್ರಿಕೆಗಳ ಪಟ್ಟಿ ಎಲ್ಲಿ ನಿಂತಿದೆಯೋ ಅಲ್ಲೇ ನಿಲ್ಲಲಿ. ಎಳೆದು ಉದ್ದ ಮಾಡಬೇಡಿ.

40,000 ರೂಪಾಯಿಯ ಪುಟದ ವಿಷಯ. ಕೊಡಬೇಡಿ. ಹಣ ಅಥವಾ ಬೇರೆ ಯಾವುದೇ ಪ್ರತಿಫಲಕ್ಕಾಗಿ ಪ್ರಕಟವಾಗುವ ಸುದ್ದಿಯನ್ನು ಭಾರತೀಯ ಪತ್ರಿಕಾ ಮಂಡಳಿ ‘ಕಾಸಿಗಾಗಿ ಸುದ್ದಿ’ ಎಂದೇ ಗುರುತಿಸಿದೆ. ನೀತಿಯ ಮಾತು ಒಂದು ಕಡೆ ಇರಲಿ, ನಿಮಗೆ ಆಗುವ ನಷ್ಟವನ್ನಷ್ಟೇ ನೋಡಿ. ಕಲೆಯ ಬಗ್ಗೆ ಓದಿ ಅಭ್ಯಾಸವಿರುವವರಿಗೆ ಕೊಂಡ ಪುಟ ಎರಡು ನಿಮಿಷದಲ್ಲಿ ಗೊತ್ತಾಗುತ್ತದೆ: ಬರೆದವರ ಹೆಸರಿಲ್ಲ, ಒಂದು ಕೃತಿಯ ವರ್ಣನೆಯೂ ಇಲ್ಲ, ಬರೀ ವಿಶೇಷಣ. ಒಂದು ಅಂಥದ್ದು ಸಿಕ್ಕಿತೆಂದರೆ ಉಳಿದ 74ನ್ನೂ ಅನುಮಾನದಿಂದ ಓದುತ್ತಾರೆ. ಫೋನ್ ಮಾಡಿದವರು ಪತ್ರಿಕೆಯವರೇ ಎಂಬುದಕ್ಕೂ ಖಾತ್ರಿಯಿಲ್ಲ. ಮಧ್ಯವರ್ತಿಗಳು ಹಣ ಪಡೆದು, ಎಲ್ಲೂ ಸಿಗದ ಮಾಸಿಕದಲ್ಲಿ ಅಚ್ಚುಹಾಕಿಸಿ ಕೈತೊಳೆದುಕೊಂಡದ್ದನ್ನು ನೋಡಿದ್ದೇನೆ. ನೋಂದಣಿ ಶುಲ್ಕ ಕಟ್ಟಿಸಿಕೊಂಡು ಕೊಡುವ ‘ರಾಷ್ಟ್ರೀಯ ಪ್ರಶಸ್ತಿ’ಗಳೂ ಇದೇ ಜಾತಿಯವು. ಪ್ರಚಾರ ಬೇಕೇಬೇಕು ಎಂದಾದರೆ ‘ಜಾಹೀರಾತು’ ಎಂದು ಮೇಲೆ ಸ್ಪಷ್ಟವಾಗಿ ಅಚ್ಚಾಗುವ ಜಾಹೀರಾತು ಕೊಡಿ, ಅದರಲ್ಲಿ ಮೋಸವಿಲ್ಲ, ಆದರೆ ಪ್ರೆಸ್ ಫೈಲಿಗೆ ಅದು ಸೇರುವುದಿಲ್ಲ. ನನ್ನ ಮನೆಯ ದುಡ್ಡಾಗಿದ್ದರೆ ಒಬ್ಬ ಒಳ್ಳೆಯ ಛಾಯಾಗ್ರಾಹಕರನ್ನು ಕರೆಸಿ ಎಲ್ಲ ಕೃತಿಗಳ ಫೋಟೋ ತೆಗೆಸುತ್ತಿದ್ದೆ. ಕೊಲಾಜಿನ ಉಬ್ಬುತಗ್ಗು ಕಾಣಬೇಕಾದರೆ ಬೆಳಕು ಪಕ್ಕದಿಂದ ಬೀಳಬೇಕು, ಫೋನಿನಲ್ಲಿ ಎದುರಿನಿಂದ ಫ್ಲ್ಯಾಶ್ ಹಾಕಿ ತೆಗೆದ ಚಿತ್ರದಲ್ಲಿ ಗೋಣಿಯೂ ಕಾಗದವೂ ಒಂದೇ ಆಗಿಬಿಡುತ್ತವೆ.

ಶಾಂತಿನಿಕೇತನದ ತಪ್ಪು ನನಗೆ ಹೆಚ್ಚು ಚಿಂತೆ ತಂದದ್ದು. ಅದು ಹೇಗೆ ಆಯಿತು ಎಂಬುದನ್ನು ಊಹಿಸಬಲ್ಲೆ. ‘ಶಾಂತಿನಿಕೇತನದಲ್ಲಿ ಹತ್ತು ದಿನದ ಶಿಬಿರದಲ್ಲಿ ಕಲಿತರು’ ಎಂದು ಬರೆದದ್ದು ಡೆಸ್ಕಿನಲ್ಲಿ ಸಾಲು ಹೆಚ್ಚಾದಾಗ ‘ಶಾಂತಿನಿಕೇತನದಲ್ಲಿ ಕಲಿತರು’ ಎಂದಾಗಿರುತ್ತದೆ. ನಾನೂ ಅಂಥ ಕತ್ತರಿ ಆಡಿಸಿದವನು. ಒಮ್ಮೆ ಅವಸರದಲ್ಲಿ ಒಬ್ಬ ಕಲಾವಿದರ ಚಿತ್ರದ ಕೆಳಗೆ ಇನ್ನೊಬ್ಬರ ಹೆಸರು ಹಾಕಿಬಿಟ್ಟೆ. ಮೂರು ದಿನದ ಮೇಲೆ ಒಳಪುಟದ ಮೂಲೆಯಲ್ಲಿ ಎರಡು ಸಾಲಿನ ತಿದ್ದುಪಡಿ ಹಾಕಿದೆವು. ಎಷ್ಟೋ ವರ್ಷದ ನಂತರ ಆ ಕಲಾವಿದರ ಮನೆಗೆ ಹೋದಾಗ ಅವರು ತಮ್ಮ ಪುಸ್ತಕ ತೆಗೆದರು. ತಪ್ಪು ಅಚ್ಚಾದ ಚಿತ್ರವನ್ನೂ ಆ ಎರಡು ಸಾಲಿನ ತಿದ್ದುಪಡಿಯನ್ನೂ ಒಂದೇ ಹಾಳೆಯಲ್ಲಿ ಅಕ್ಕಪಕ್ಕ ಹಚ್ಚಿಟ್ಟಿದ್ದರು. ಒಂದು ಮಾತೂ ಆಡಲಿಲ್ಲ, ಕಾಫಿ ಕೊಟ್ಟರು. ಕಲಾವಿದರ ದಾಖಲೆಗಳ ಈ ಕೆಲಸಕ್ಕೆ ನಾನು ಇಳಿಯಲು ಆ ಹಾಳೆಯೂ ಒಂದು ಕಾರಣ.

ನೀವು ಮಾಡಬೇಕಾದದ್ದೂ ಅದೇ. 2011ರ ಕಟಿಂಗಿನ ಜೊತೆ ಒಂದು ಚೀಟಿ ಇಡಿ: ‘ಶಾಂತಿನಿಕೇತನಕ್ಕೆ ಇಂಥ ವರ್ಷ ಹತ್ತು ದಿನದ ಶಿಬಿರಕ್ಕೆ ಹೋಗಿದ್ದರು, ಅಲ್ಲಿ ಪದವಿ ಓದಿಲ್ಲ.’ ಗ್ಯಾಲರಿಗೆ ಕಳಿಸುವ ಪರಿಚಯದಲ್ಲೂ ಹೀಗೆಯೇ ಬರೆಯಿರಿ, ಅದೂ ಮಿಂಚಂಚೆಯಲ್ಲಿ, ತಾರೀಖು ದಾಖಲಾಗುವಂತೆ. ಸುಮ್ಮನಿದ್ದರೆ ಏನಾಗುತ್ತದೆ? ಗ್ಯಾಲರಿಯವರು ಲೇಖನ ನೋಡಿ ಕ್ಯಾಟಲಾಗಿನಲ್ಲಿ ಅಚ್ಚು ಹಾಕುತ್ತಾರೆ, ಅಲ್ಲಿ ನಿಜವಾಗಿ ಓದಿದವರೊಬ್ಬರು ಪ್ರದರ್ಶನಕ್ಕೆ ಬಂದು ‘ನೀವು ಯಾವ ಬ್ಯಾಚ್’ ಎಂದು ಕೇಳುತ್ತಾರೆ. ಪತ್ರಿಕೆ ಮಾಡಿದ ತಪ್ಪು ಅವತ್ತು ನಿಮ್ಮ ಯಜಮಾನರ ಸುಳ್ಳಾಗುತ್ತದೆ. ಆ ಪತ್ರಿಕೆಗೂ ಒಂದು ಪತ್ರ ಬರೆಯಿರಿ. ಇಷ್ಟು ಹಳೆಯ ಮುದ್ರಿತ ಲೇಖನಕ್ಕೆ ಈಗ ತಿದ್ದುಪಡಿ ಹಾಕುವುದು ಕಷ್ಟ. ಜಾಲತಾಣದಲ್ಲಿ ಅದು ಇನ್ನೂ ಇದ್ದರೆ ಅಲ್ಲಿ ಸರಿಪಡಿಸಬಹುದು. ಹೊಸ ತಪ್ಪುಗಳಾದರೆ ತಡಮಾಡಬೇಡಿ. ಮೊದಲು ಸಂಪಾದಕರಿಗೆ ಬರೆಯಬೇಕು. ಅವರು ಸ್ಪಂದಿಸದಿದ್ದರೆ ಪತ್ರಿಕಾ ಮಂಡಳಿಗೆ ದೂರು ಕೊಡಬಹುದು, ದಿನಪತ್ರಿಕೆ ಮತ್ತು ವಾರಪತ್ರಿಕೆಗಳ ವಿಷಯದಲ್ಲಿ ಪ್ರಕಟವಾದ ಎರಡು ತಿಂಗಳ ಒಳಗೆ. ಮಂಡಳಿ ಎಚ್ಚರಿಕೆ ಕೊಡಬಹುದು, ಖಂಡಿಸಬಹುದು. ದಂಡ ಹಾಕುವ, ಪರಿಹಾರ ಕೊಡಿಸುವ ಅಧಿಕಾರ ಅದಕ್ಕಿಲ್ಲ. ಇಂಥ ತಪ್ಪುಗಳಿಗೆ ಹತ್ತರಲ್ಲಿ ಒಂಬತ್ತು ಸಲ ವಿನಯದ ಒಂದು ಪತ್ರವೇ ಸಾಕಾಗುತ್ತದೆ.

2009ರ ವಿಮರ್ಶೆಯನ್ನು ಮೂರು ಸಲ ಓದಿದೆ. ನಿಮಗೆ ಏಕೆ ನೋವಾಗಿದೆ ಎಂದು ಅರ್ಥವಾಗುತ್ತದೆ. ‘ತುಣುಕುಗಳು ಒಂದರ ಪಕ್ಕ ಒಂದು ಕೂತಿವೆ, ಒಂದರ ಜೊತೆ ಒಂದು ಮಾತಾಡುತ್ತಿಲ್ಲ’ ಎಂಬ ಮಾತು ಗಂಡನ ಕೆಲಸದ ಬಗ್ಗೆ ಕೇಳುವಂಥದ್ದಲ್ಲ. ಆದರೂ ಅದನ್ನು ತೆಗೆದಿಡಬೇಡಿ ಎಂದೇ ಹೇಳುತ್ತೇನೆ. 74ರಲ್ಲಿ ನಾಲ್ಕು ಕೃತಿಗಳನ್ನು ಹೆಸರು ಹಿಡಿದು, ಕಾಗದ ಚಿತ್ರದ ಯಾವ ಭಾಗದಲ್ಲಿದೆ, ಬಣ್ಣ ಎಲ್ಲಿ ತೆಳುವಾಗಿದೆ ಎಂದು ಬರೆದದ್ದು ಅದೊಂದೇ. ಆ ನಾಲ್ಕರಲ್ಲಿ ಎರಡು ಮಾರಾಟವಾಗಿ ಈಗ ಎಲ್ಲಿವೆಯೋ ಗೊತ್ತಿಲ್ಲ ಎಂದು ನೀವೇ ಬರೆದಿದ್ದೀರಿ. ಅವು ಹೇಗಿದ್ದವು ಎಂಬುದಕ್ಕೆ ಉಳಿದಿರುವ ದಾಖಲೆ ಆ ಕಟು ಮಾತಿನವರದೇ. 1908ರಲ್ಲಿ ಬ್ರಾಕ್‌ನ ಪ್ರದರ್ಶನ ನೋಡಿದ ವಿಮರ್ಶಕ ಲೂಯಿ ವೋಸೆಲ್, ಈತ ಎಲ್ಲವನ್ನೂ ಘನಾಕೃತಿಗಳಿಗೆ ಇಳಿಸಿಬಿಡುತ್ತಾನೆ ಎಂದು ಆಕ್ಷೇಪಿಸಿದ್ದ. ‘ಕ್ಯೂಬಿಸಂ’ ಎಂಬ ಕಲಾಪಂಥದ ಹೆಸರಿನ ಬೇರು ಆ ಆಕ್ಷೇಪದಲ್ಲೇ ಇದೆ. ಬ್ರಾಕ್ ಕಾಗದ ಅಂಟಿಸಲು ಶುರುಮಾಡಿದ್ದು ಅದಾದ ನಾಲ್ಕು ವರ್ಷಕ್ಕೆ.

ಇನ್ನೊಂದನ್ನು ಗಮನಿಸಿದೆ, ತಪ್ಪು ತಿಳಿಯಬೇಡಿ. 2009ಕ್ಕಿಂತ ಮುಂಚಿನ ಕೃತಿಗಳಲ್ಲಿ ಕಾಗದದ ಅಂಚುಗಳು ನೀಟಾಗಿ ಕತ್ತರಿಸಿದವು. 2012ರ ನಂತರದವುಗಳಲ್ಲಿ ಹರಿದ ಅಂಚು ಬಂದಿದೆ, ಒಂದರ ಮೇಲೊಂದು ಹತ್ತಿ ಕೂತಿವೆ. ಅವರು ಆ ವಿಮರ್ಶೆಯನ್ನು ಓದಿ ಮರೆತವರಲ್ಲ ಅನಿಸುತ್ತದೆ. ಕೇಳಿ ನೋಡಿ. ಆ ಎರಡನ್ನೂ ಪಕ್ಕಪಕ್ಕ ಇಟ್ಟು ತೋರಿಸಿದರೆ ಗ್ಯಾಲರಿಯವರಿಗೆ ಅದಕ್ಕಿಂತ ಒಳ್ಳೆಯ ಪರಿಚಯ ಬೇಕಿಲ್ಲ. ಯಾರೋ ಮಾನನಷ್ಟದ ನೋಟಿಸ್ ಕೊಡಿ ಎಂದಿದ್ದರಂತೆ, ಕೊಡದೆ ಒಳ್ಳೆಯದು ಮಾಡಿದಿರಿ. ಸಾರ್ವಜನಿಕರ ಮುಂದಿಟ್ಟ ಕೃತಿಯ ಗುಣಾವಗುಣಗಳ ಬಗ್ಗೆ ಸದ್ಭಾವದಿಂದ ಅಭಿಪ್ರಾಯ ಹೇಳುವುದು ಮಾನಹಾನಿಯಲ್ಲ ಎಂದು ಹಳೆಯ ದಂಡ ಸಂಹಿತೆಯೂ ಹೇಳುತ್ತಿತ್ತು, 2024ರ ಜುಲೈಯಿಂದ ಜಾರಿಗೆ ಬಂದ ಭಾರತೀಯ ನ್ಯಾಯ ಸಂಹಿತೆಯೂ ಹೇಳುತ್ತದೆ.

ವೆಬ್‌ಸೈಟಿನ ಪ್ರಶ್ನೆಗೆ: ಲೇಖನ ನಿಮ್ಮ ಯಜಮಾನರ ಬಗ್ಗೆ ಇದ್ದ ಮಾತ್ರಕ್ಕೆ ಅದರ ಹಕ್ಕು ನಿಮ್ಮದಾಗುವುದಿಲ್ಲ. 1957ರ ಕೃತಿಸ್ವಾಮ್ಯ ಕಾಯ್ದೆಯ ಪ್ರಕಾರ, ಬೇರೆ ಒಪ್ಪಂದ ಇಲ್ಲದಿದ್ದರೆ, ಪತ್ರಿಕೆಯ ನೌಕರರು ಬರೆದದ್ದನ್ನು ಪ್ರಕಟಿಸುವ ಹಕ್ಕು ಪತ್ರಿಕೆಯ ಮಾಲೀಕರದು. ಹವ್ಯಾಸಿಗಳು ಬರೆದದ್ದಾದರೆ ಸಾಮಾನ್ಯವಾಗಿ ಬರೆದವರದು. ಪೂರ್ತಿ ಪುಟದ ಸ್ಕ್ಯಾನ್ ಹಾಕುವ ಮೊದಲು ಪತ್ರಿಕೆಗೆ ಒಂದು ಮಿಂಚಂಚೆ ಬರೆದು ಒಪ್ಪಿಗೆ ಕೇಳಿ, ಬಹಳ ಕಡೆ ಬೇಡ ಎನ್ನುವುದಿಲ್ಲ. ಅದಕ್ಕೂ ಸರಳ ದಾರಿ, ಬರೆದವರ ಹೆಸರು, ಶೀರ್ಷಿಕೆ, ಪತ್ರಿಕೆ, ಆವೃತ್ತಿ, ತಾರೀಖು, ಪುಟ ಹಾಕಿ ಎರಡು ಸಾಲು ಉದ್ಧರಿಸುವುದು. ಕೊಂಡಿ ಇದ್ದರೆ ಕೊಂಡಿ. ಜಾಲತಾಣದ ಸುದ್ದಿಗಳು ಒಂದು ದಿನ ಇದ್ದಕ್ಕಿದ್ದಂತೆ ಕಾಣೆಯಾಗುತ್ತವೆ, ಸಿಕ್ಕಾಗಲೇ ಪಿಡಿಎಫ್ ಮಾಡಿಟ್ಟುಕೊಳ್ಳಿ. ವಾಟ್ಸಾಪಿನಲ್ಲಿ ಬಂದ ಚಿತ್ರವನ್ನು ದಾಖಲೆಯೆಂದು ನಂಬಬೇಡಿ. ನಿಮ್ಮ ಕಡೆಯ ಹಕ್ಕೂ ಜ್ಞಾಪಕದಲ್ಲಿರಲಿ: ಕೊಲಾಜ್ ಮಾರಿದ ಮೇಲೂ, ಬರೆದುಕೊಡದ ಹೊರತು, ಅದರ ಕೃತಿಸ್ವಾಮ್ಯ ಕಲಾವಿದರ ಬಳಿಯೇ ಇರುತ್ತದೆ. ಸುದ್ದಿಗಾಗಿ ಅದರ ಫೋಟೋ ಹಾಕುವುದು ಸರಿ, ಕೇಳದೆ ಕ್ಯಾಲೆಂಡರ್ ಮಾಡುವುದು ಸರಿಯಲ್ಲ.

ಕೊನೆಯದಾಗಿ ಪುಡಿಯಾಗುತ್ತಿರುವ ಕಾಗದ. ನ್ಯೂಸ್‌ಪ್ರಿಂಟ್ ಮಾಡುವುದು ಮರವನ್ನು ಯಂತ್ರದಲ್ಲಿ ಅರೆದ ತಿರುಳಿನಿಂದ, ಅದರಲ್ಲಿ ಲಿಗ್ನಿನ್ ಎಂಬ ಅಂಶ ಉಳಿದುಬಿಡುತ್ತದೆ. ಬೆಳಕು, ಗಾಳಿ ತಾಗಿದಂತೆ ಅದು ಕಂದಾಗುತ್ತದೆ, ಆಮ್ಲ ಹೆಚ್ಚಿ ನಾರು ಮುರಿಯುತ್ತದೆ. ಪಿಕಾಸೊ ಅಂಟಿಸಿದ ಪತ್ರಿಕೆಯ ತುಣುಕುಗಳೂ ಕಂದಾಗಿವೆ. ಕೊಡಗಿನಲ್ಲಿ ಇದಕ್ಕೆ ಜುಲೈ-ಆಗಸ್ಟಿನ ಕಕ್ಕಡ ತಿಂಗಳ ಮಳೆಯ ತೇವ, ಬೂಷ್ಟು, ಗೆದ್ದಲು ಸೇರಿಕೊಳ್ಳುತ್ತವೆ. ನಿಮ್ಮ ಟ್ರಂಕನ್ನು ಅಡುಗೆಮನೆಯ ಅಟ್ಟದ ಮೇಲೆ ಇಟ್ಟಿದ್ದೀರಿ, ತೇವ ತಾಗದಿರಲಿ ಎಂದು. ಒಲೆಯ ಶಾಖವೂ ಹೊಗೆಯೂ ಕಾಗದವನ್ನು ಇನ್ನಷ್ಟು ಬೇಗ ಹಪ್ಪಳ ಮಾಡುತ್ತವೆ. ಕೆಳಗಿಳಿಸಿ, ಒಳಕೋಣೆಯಲ್ಲಿ ಗೋಡೆಗೆ ತಾಗದಂತೆ ಇಡಿ. ಸೆಲೋಟೇಪ್, ಸ್ಟೇಪ್ಲರ್ ಪಿನ್, ಲ್ಯಾಮಿನೇಷನ್ ಮೂರೂ ಬೇಡ. ಟೇಪಿನ ಅಂಟು ಕಲೆಯಾಗುತ್ತದೆ, ಪಿನ್ ತುಕ್ಕು ಹಿಡಿಯುತ್ತದೆ, ಲ್ಯಾಮಿನೇಷನ್ ಮಾಡಿದರೆ ಮತ್ತೆ ಬಿಡಿಸಲು ಆಗುವುದಿಲ್ಲ. ಜನವರಿಯಿಂದ ಮಾರ್ಚ್ ಒಳಗಿನ ಒಣ ದಿನಗಳಲ್ಲಿ ಎಲ್ಲವನ್ನೂ ಸ್ಕ್ಯಾನ್ ಮಾಡಿಸಿ, ಅಕ್ಷರಕ್ಕೆ 300 ಡಿಪಿಐ (ಸ್ಕ್ಯಾನಿನ ಸ್ಪಷ್ಟತೆಯ ಅಳತೆ) ಸಾಕು, ಫೋಟೋ ಇದ್ದದ್ದಕ್ಕೆ 600. ಆಮೇಲೆ ಆಮ್ಲರಹಿತ ಕಾಗದದ ಮೇಲೆ ಒಂದು ನೆರಳಚ್ಚು. ಕಂಪ್ಯೂಟರ್ ಕೆಟ್ಟರೂ ಅದು ಉಳಿಯುತ್ತದೆ. ಅವರ ಕೊಲಾಜುಗಳಲ್ಲೂ ನ್ಯೂಸ್‌ಪ್ರಿಂಟ್ ಇದೆಯಲ್ಲ, ಬಿಸಿಲು ನೇರ ಬೀಳುವ ಗೋಡೆಗೆ ಅವನ್ನು ತೂಗುಹಾಕಬೇಡಿ ಎಂದು ಕೊಂಡವರಿಗೂ ಹೇಳಿಕಳಿಸಿ.

ಗ್ಯಾಲರಿಗೆ 74 ನೆರಳಚ್ಚು ಕಳಿಸಬೇಡಿ, ಎಂಟು ಸಾಕು. 2009ರದ್ದು ಇರಲಿ. ಇನ್ನೊಂದು ವಿಮರ್ಶೆ ಇರಲಿ. ಪರಿಚಯ ಲೇಖನಗಳಲ್ಲಿ ‘ಕಸದಿಂದ ರಸ’ ಅಲ್ಲದ ಎರಡು, ಜೊತೆಗೆ ಚೀಟಿ ಲಗತ್ತಿಸಿದ 2011ರದ್ದು. ಉದ್ಘಾಟನೆಯ ಸುದ್ದಿ ಎರಡು, ಬೇರೆ ಬೇರೆ ಊರಿನವು. ಎಲ್ಲಕ್ಕಿಂತ ಮೇಲೆ ಇಡಬೇಕಾದದ್ದು ನೀವು ‘ಇದು ಚಿಕ್ಕದು, ಲೆಕ್ಕಕ್ಕಿಲ್ಲ’ ಎಂದು ಕೊನೆಯಲ್ಲಿ ಕಳಿಸಿದ 1999ರ ಸಿಂಗಲ್ ಕಾಲಂ ಸುದ್ದಿ. ಬರೆದವರ ಹೆಸರಿಲ್ಲದ ಆ ವರದಿಗಾರರು ಪ್ರದರ್ಶನದಲ್ಲಿದ್ದ ಹನ್ನೊಂದು ಕೃತಿಗಳ ಹೆಸರನ್ನೂ, ಒಂದೊಂದರಲ್ಲಿ ಬಳಸಿದ ಕಾಗದ ಯಾವುದೆಂಬುದನ್ನೂ ಸಾಲಾಗಿ ಬರೆದಿದ್ದಾರೆ. ಮೊದಲ ಚೆಕ್‌ರೋಲ್ ಕೊಲಾಜ್ ಯಾವುದು ಎಂಬುದು ಇರುವುದು ಅದೊಂದರಲ್ಲೇ. ಫೋಟೋದಲ್ಲಿ ನೋಡಿದರೆ ಅದರ ನಡುವಿನ ಮಡಿಕೆ ಆಗಲೇ ಅರ್ಧ ಬಿಟ್ಟಿದೆ. ಒಣ ದಿನ ಬರುವವರೆಗೆ ಕಾಯಬೇಡಿ, ಅದೊಂದನ್ನು ಈ ವಾರವೇ ರಟ್ಟಿನ ಮೇಲೆ ಮಲಗಿಸಿಕೊಂಡು ಹೋಗಿ ಸ್ಕ್ಯಾನ್ ಮಾಡಿಸಿ.